ಡಿವಿಡಿಯಿಂದ ಮೊಬೈಲಿಗೆ: ವಿಡಿಯೊ ಪರಿವರ್ತನೆಗೆ ಯಾವ ತಂತ್ರಾಂಶ?

ವಿಡಿಯೊ ಪರಿವರ್ತನೆ ಎಂದರೆ ಒಂದು ಸಾಧನಕ್ಕೆಂದು ಸಿದ್ಧವಾದ ಕಡತವನ್ನು ಇನ್ನೊಂದು ಸಾಧನ ಓದಬಲ್ಲ ರೂಪಕ್ಕೆ ತರುವ ಕೆಲಸ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮನೆಗಳಲ್ಲಿ ಈ ಅಗತ್ಯ ಹೆಚ್ಚಾಗಿ ಹುಟ್ಟುವುದು ಬೀರುವಿನಲ್ಲಿ ಉಳಿದುಕೊಂಡ ಸಿ.ಡಿ., ಡಿವಿಡಿಗಳಿಂದ. ಮದುವೆಯ ಡಿವಿಡಿ ಇದೆ, ಹಾಕಿ ನೋಡುವ ಪ್ಲೇಯರ್ ಕೆಟ್ಟು ಅಟ್ಟ ಸೇರಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಆಷಾಢದಲ್ಲಿ ನಡೆಯುವ ಚಾಮರಾಜೇಶ್ವರನ ರಥೋತ್ಸವ, ಚಿಕ್ಕಲ್ಲೂರು ಜಾತ್ರೆ, ಮಾದಪ್ಪನ ಭಕ್ತರ ಕಂಸಾಳೆ ಕುಣಿತ ಇವನ್ನೆಲ್ಲ ಹಿಂದೆ ಯಾರೋ ಹಿಡಿದಿಟ್ಟ ದೃಶ್ಯಗಳಿಗೂ ಇದೇ ಪಾಡು.

ಇಂಟರ್‌ನೆಟ್ ಅಗ್ಗವಾದ ಮೇಲೂ ಕಡತದ ಅಗತ್ಯ ಹೋಗಿಲ್ಲ. ಗುಂಡ್ಲುಪೇಟೆಯಿಂದ ಊಟಿ ಕಡೆಗೂ ಸುಲ್ತಾನ್ ಬತ್ತೇರಿ ಕಡೆಗೂ ಹೋಗುವ ಹೆದ್ದಾರಿಗಳು ಬಂಡೀಪುರದ ಕಾಡನ್ನು ಹಾಯುತ್ತವೆ. ದಾರಿಯಲ್ಲಿ ಸಿಗ್ನಲ್ ಕೈಕೊಡುವ ಜಾಗಗಳಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲೂ ಮಲೆ ಮಹದೇಶ್ವರ ಬೆಟ್ಟದ ಒಳಗಿನ ಹಳ್ಳಿಗಳಲ್ಲೂ ಎಲ್ಲ ಕಡೆ ಒಂದೇ ಸಮನೆ ನೆಟ್‌ವರ್ಕ್ ಸಿಗುವುದಿಲ್ಲ. ಅಂಥ ಕಡೆ ಮೆಮೊರಿ ಕಾರ್ಡಿನಲ್ಲೋ ಪೆನ್‌ಡ್ರೈವಿನಲ್ಲೋ ಇರುವ ವಿಡಿಯೊ ಮಾತ್ರ ನೆಚ್ಚಿಗೆಯದು.

ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಮೊದಲೇ ಕೇಳಿದರೆ ಉತ್ತರಗಳ ರಾಶಿ ಬಂದು ಬೀಳುತ್ತದೆ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೂಲ ಕಡತದೊಳಗೆ ಏನಿದೆ, ಅದು ಯಾವುದರಲ್ಲಿ ಓಡಬೇಕು, ಪರಿವರ್ತನೆ ನಿಜಕ್ಕೂ ಬೇಕೆ ಎಂಬ ಮೂರಕ್ಕೆ ಉತ್ತರ ಸಿಕ್ಕಿದರೆ ತಂತ್ರಾಂಶದ ಆಯ್ಕೆ ಎರಡು ಮೂರು ಹೆಸರುಗಳಿಗೆ ಇಳಿಯುತ್ತದೆ.

ಹೊರಗಿನ ಡಬ್ಬಿ, ಒಳಗಿನ ಸರಕು

ಎಂಪಿ4, ಎಂಕೆವಿ, ಎವಿಐ, 3ಜಿಪಿ ಎಂಬ ಹೆಸರುಗಳು ಡಬ್ಬಿಯ ಹೆಸರುಗಳು. ಡಬ್ಬಿಯೊಳಗೆ ಚಿತ್ರ ಒಂದು ಬಗೆಯಲ್ಲಿ, ಧ್ವನಿ ಇನ್ನೊಂದು ಬಗೆಯಲ್ಲಿ ಅಡಕವಾಗಿರುತ್ತವೆ. ಹೀಗೆ ಅಡಕಗೊಳಿಸುವ ಮತ್ತು ಬಿಡಿಸುವ ವಿಧಾನವೇ ಕೊಡೆಕ್. ಎರಡು ಕಡತಗಳ ಹೆಸರಿನ ಕೊನೆಯಲ್ಲಿ ಎಂಪಿ4 ಎಂದೇ ಇದ್ದರೂ ಒಂದು ಫೋನಿನಲ್ಲಿ ಓಡಿ ಇನ್ನೊಂದು ಓಡದಿರಲು ಕಾರಣ ಒಳಗಿನ ಕೊಡೆಕ್ ಬೇರೆಯಾಗಿರುವುದು. ಕಡತದ ಹೆಸರಿನ ಬಾಲವನ್ನು ಕೈಯಾರೆ ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ.

ಚಿತ್ರದ ಕೊಡೆಕ್‌ಗಳಿಗೆ ತಲೆಮಾರುಗಳಿವೆ. ವಿಸಿಡಿಯದು ಎಂಪೆಗ್-1, ಡಿವಿಡಿಯದು ಎಂಪೆಗ್-2. 2003ರಲ್ಲಿ ಎಚ್.264, 2013ರಲ್ಲಿ ಎಚ್.265 ಅಥವಾ ಎಚ್‌ಇವಿಸಿ, 2018ರಲ್ಲಿ ಎವಿ1 ಬಂದವು. ಹೊಸ ತಲೆಮಾರಿನದು ಅದೇ ಗುಣಮಟ್ಟವನ್ನು ಕಡಿಮೆ ಜಾಗದಲ್ಲಿ ಹಿಡಿಸುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಎಂದರೆ ಪರಿವರ್ತನೆಗೆ ಹಿಡಿಯುವ ಹೆಚ್ಚಿನ ಹೊತ್ತು ಮತ್ತು ಹಳೆಯ ಸಾಧನಗಳಲ್ಲಿ ಓಡದಿರುವ ಸಾಧ್ಯತೆ.

ಧ್ವನಿಗೂ ಇದೇ ಮಾತು. ಫೋನ್‌ಗಳಿಗೆ ಎಎಸಿ ಒಗ್ಗುತ್ತದೆ. ಡಿವಿಡಿಗಳಲ್ಲಿ ಸಾಮಾನ್ಯವಾದ ಎಸಿ3 ಧ್ವನಿ ಅನೇಕ ಫೋನ್‌ಗಳ ಸ್ವಂತ ಪ್ಲೇಯರಿಗೆ ಅರ್ಥವಾಗುವುದಿಲ್ಲ. ಚಿತ್ರ ಬರುತ್ತದೆ, ಸೌಂಡ್ ಇಲ್ಲ ಎಂಬ ದೂರಿನ ಹಿಂದೆ ಬಹುತೇಕ ಇದೇ ಇರುತ್ತದೆ. ಆಗ ಧ್ವನಿಯನ್ನಷ್ಟೇ ಬದಲಿಸಿದರೆ ಸಾಕು, ಚಿತ್ರವನ್ನು ಮುಟ್ಟಬೇಕಿಲ್ಲ.

ಮೂಲದಲ್ಲಿ ಏನಿದೆ

ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ವಿಸಿಡಿಯ ಕಾಲವೂ ಹೆಚ್ಚುಕಡಿಮೆ ಅದೇ. ವಿಸಿಡಿಯಲ್ಲಿ ಚಿತ್ರದ ಅಳತೆ 352×288 ಚುಕ್ಕೆ. ಒಂದು ಡಿಸ್ಕಿನಲ್ಲಿ ಹಿಡಿಸುತ್ತಿದ್ದುದು ಸುಮಾರು 74 ನಿಮಿಷ. ಹಾಗಾಗಿ ಒಂದು ಮದುವೆ ಎರಡು ಮೂರು ಸಿ.ಡಿ.ಗಳಾಗಿ ಬರುತ್ತಿತ್ತು. ಇದರ ವಿಡಿಯೊ ಕಡತದ ಕೊನೆಯಲ್ಲಿ ಡಿಎಟಿ ಎಂಬ ಅಕ್ಷರಗಳಿರುತ್ತವೆ.

ಡಿವಿಡಿಯ ಚಿತ್ರ 720×576 ಚುಕ್ಕೆ, ಸೆಕೆಂಡಿಗೆ 25 ಫ್ರೇಮು. ಸಾಧಾರಣ ಡಿವಿಡಿಯ ಸಾಮರ್ಥ್ಯ 4.7 ಜಿಬಿ. ಮೂರು ಗಂಟೆಯ ಮದುವೆಯನ್ನು ಒಂದೇ ಡಿಸ್ಕಿನಲ್ಲಿ ತುಂಬಿದರೆ ಸೆಕೆಂಡಿಗೆ ದಕ್ಕುವುದು ಸುಮಾರು 3.5 ಮೆಗಾಬಿಟ್. ಡಿಸ್ಕನ್ನು ಕಂಪ್ಯೂಟರಿನಲ್ಲಿ ತೆರೆದರೆ ಒಂದು ಫೋಲ್ಡರಿನಲ್ಲಿ ಒಂದೊಂದು ಜಿಬಿಯ ವಿಒಬಿ ತುಂಡುಗಳು ಕಾಣುತ್ತವೆ. ಅವನ್ನು ಬಿಡಿಬಿಡಿಯಾಗಿ ಪರಿವರ್ತಿಸಿದರೆ ಧಾರೆಯ ನಡುವೆಯೇ ತುಂಡು ಬೀಳಬಹುದು. ತಂತ್ರಾಂಶಕ್ಕೆ ಇಡೀ ಫೋಲ್ಡರನ್ನೇ ತೋರಿಸಿದರೆ ಎಲ್ಲವೂ ಒಂದೇ ಕಡತವಾಗಿ ಬರುತ್ತದೆ.

2006ರಲ್ಲಿ ಎವಿಸಿಎಚ್‌ಡಿ ಬಗೆಯ ಕ್ಯಾಮೆರಾಗಳು ಬಂದವು. ಅವುಗಳ ಎಂಟಿಎಸ್ ಕಡತದೊಳಗೆ ಇರುವುದು ಎಚ್.264, ಅದು ಇಂದಿನ ಫೋನ್‌ಗಳಿಗೆ ಪರಿಚಿತವೇ. ಬಟನ್ ಫೋನುಗಳ ಕಾಲದ 3ಜಿಪಿ ಕಡತಗಳಲ್ಲಿ ಹಲವು 176×144 ಚುಕ್ಕೆಯವು. ಅವನ್ನು ಈಗಿನ ಪರದೆಯ ಅಳತೆಗೆ ಹಿಗ್ಗಿಸಿ ಪರಿವರ್ತಿಸಿದರೆ ಕಡತ ದೊಡ್ಡದಾದೀತೇ ಹೊರತು ಇಲ್ಲದ ವಿವರ ಹುಟ್ಟುವುದಿಲ್ಲ.

ಈಚಿನ ಸಮಸ್ಯೆ ಇದಕ್ಕೆ ತಿರುಗುಮುರುಗು. 2017ರ ಐಒಎಸ್ 11ರಿಂದ ಐಫೋನ್ ತೆಗೆಯುವ ವಿಡಿಯೊ ಎಚ್.265ರಲ್ಲಿ ಇರಬಹುದು, ಹಳೆಯ ಟಿ.ವಿ., ಹಳೆಯ ಕಂಪ್ಯೂಟರು ಅದನ್ನು ಓದಲಾರವು. ಕ್ಯಾಮೆರಾ ಸೆಟ್ಟಿಂಗಿನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿಟ್ಟರೆ ಚಿತ್ರೀಕರಣವೇ ಎಚ್.264ರಲ್ಲಿ ಆಗುತ್ತದೆ, ಮುಂದೆ ಪರಿವರ್ತನೆಯ ಗೋಜೇ ಇರುವುದಿಲ್ಲ.

ಯಾವುದರಲ್ಲಿ ಓಡಬೇಕು

ಕಳೆದ ಒಂದು ದಶಕದ ಸ್ಮಾರ್ಟ್‌ಫೋನ್ ಆದರೆ ಎಂಪಿ4 ಡಬ್ಬಿ, ಎಚ್.264 ಚಿತ್ರ, ಎಎಸಿ ಧ್ವನಿ ಎಂಬ ಸಂಯೋಜನೆಗೆ ಎದುರಿಲ್ಲ. ಫೋನಿನ ಚಿಪ್ಪಿನಲ್ಲೇ ಎಚ್.264 ಬಿಡಿಸುವ ವ್ಯವಸ್ಥೆ ಇರುವುದರಿಂದ ಬ್ಯಾಟರಿಯೂ ಬೇಗ ಇಳಿಯುವುದಿಲ್ಲ. ಎಚ್.265 ಆರಿಸಿದರೆ ಮೆಮೊರಿ ಕಾರ್ಡಿನಲ್ಲಿ ಜಾಗ ಉಳಿದೀತು. ಆದರೆ ಒಂದೇ ಕಡತವನ್ನು ಅಜ್ಜಿಯ ಹಳೆಯ ಫೋನಿಗೂ ಮೊಮ್ಮಗನ ಹೊಸ ಫೋನಿಗೂ ಹಂಚುವುದಿದ್ದರೆ ಎಚ್.264ರಲ್ಲಿ ಇರುವುದೇ ಲೇಸು.

ಬಟನ್ ಫೋನುಗಳ ಮಿತಿ ಬೇರೆ. 2017ರಲ್ಲಿ ಬಂದ ಜಿಯೊಫೋನಿನ ಪರದೆ 2.4 ಇಂಚು, 320×240 ಚುಕ್ಕೆ. ಅದಕ್ಕೆ 1080 ಸಾಲಿನ ವಿಡಿಯೊ ತುಂಬುವುದು ಕಾರ್ಡಿನ ಜಾಗ ಹಾಳುಮಾಡಿದಂತೆ. ಇನ್ನೂ ಹಳೆಯ ಫೋನಾದರೆ ಅದು ಯಾವ ಬಗೆಯನ್ನು ಓದುತ್ತದೆಂದು ಒಂದು ನಿಮಿಷದ ತುಣುಕು ಹಾಕಿ ನೋಡುವುದೇ ಖಚಿತ ದಾರಿ.

ಟಿ.ವಿ. ಮತ್ತು ಕಾರಿನ ಸ್ಟೀರಿಯೊಗಳಲ್ಲಿ ಪೆನ್‌ಡ್ರೈವಿನ ಫಾರ್ಮ್ಯಾಟ್ ಕೂಡ ಲೆಕ್ಕಕ್ಕೆ ಬರುತ್ತದೆ. ಫ್ಯಾಟ್32 ಪೆನ್‌ಡ್ರೈವಿನಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಈ ಮಿತಿ ಇಲ್ಲ, ಆದರೆ ಅದನ್ನು ಗುರುತಿಸದ ಹಳೆಯ ಟಿ.ವಿ.ಗಳೂ ಸ್ಟೀರಿಯೊಗಳೂ ಇವೆ. ಅಂಥಲ್ಲಿ ಫ್ಯಾಟ್32 ಇಟ್ಟುಕೊಂಡು ಕಡತವನ್ನೇ ಆ ಮಿತಿಯೊಳಗೆ ತರಬೇಕು. ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟರೆ ಕೆಲವು ಸ್ಟೀರಿಯೊಗಳಲ್ಲಿ ಚೌಕಗಳಷ್ಟೇ ಕಾಣುವುದರಿಂದ ಇಂಗ್ಲಿಷ್ ಅಕ್ಷರ ಮತ್ತು ಅಂಕೆಗಳ ಹೆಸರು ಅನುಕೂಲ.

ಪರಿವರ್ತಿಸದೆಯೇ ಮುಗಿಯುವ ಕೆಲಸ

ಕೊಡೆಕ್ ಬದಲಿಸಿ ಮತ್ತೆ ಅಡಕಗೊಳಿಸಿದಾಗಲೆಲ್ಲ ಚಿತ್ರ ಒಂದಿಷ್ಟು ಕಳೆದುಕೊಳ್ಳುತ್ತದೆ. ಕಳೆದದ್ದು ಮರಳಿ ಬಾರದು. ಆದ್ದರಿಂದ ಮೊದಲ ಪ್ರಯತ್ನ ಪರಿವರ್ತನೆ ತಪ್ಪಿಸುವುದೇ ಆಗಬೇಕು. ಅದಕ್ಕೆ ಎರಡು ದಾರಿಗಳಿವೆ.

ಒಂದು, ಫೋನಿನಲ್ಲಿ ಬೇರೆ ಪ್ಲೇಯರ್ ಹಾಕಿಕೊಳ್ಳುವುದು. ವಿಎಲ್‌ಸಿ ಪ್ಲೇಯರ್ ಉಚಿತ, ಜಾಹೀರಾತಿಲ್ಲ. ಪ್ಯಾರಿಸ್ಸಿನ ಎಕೋಲ್ ಸೆಂತ್ರಾಲ್ ಕಾಲೇಜಿನ ವಿದ್ಯಾರ್ಥಿಗಳ ಯೋಜನೆಯಾಗಿ 1996ರಲ್ಲಿ ಶುರುವಾದ ಇದು 2001ರಲ್ಲಿ ಮುಕ್ತ ತಂತ್ರಾಂಶವಾಯಿತು. ಎಸಿ3 ಧ್ವನಿ, ಎಂಕೆವಿ, ವಿಒಬಿ ಎಲ್ಲವನ್ನೂ ಇದು ತನ್ನದೇ ಕೊಡೆಕ್‌ಗಳಿಂದ ಓಡಿಸುತ್ತದೆ. ನೋಡುವುದು ಒಂದೇ ಫೋನಿನಲ್ಲಿ, ಕಾರ್ಡಿನಲ್ಲಿ ಜಾಗವೂ ಇದೆ ಎಂದಾದರೆ ಕೆಲಸ ಇಲ್ಲಿಗೇ ಮುಗಿಯಿತು.

ಎರಡು, ಡಬ್ಬಿ ಮಾತ್ರ ಬದಲಿಸುವುದು. ಎಂಟಿಎಸ್ ಅಥವಾ ಎಂಕೆವಿ ಒಳಗೆ ಎಚ್.264 ಚಿತ್ರವೇ ಇದ್ದರೆ ಅದನ್ನು ಹಾಗೆಯೇ ಎತ್ತಿ ಎಂಪಿ4ರಲ್ಲಿ ಇಡಬಹುದು. ಇದಕ್ಕೆ ಕೆಲವು ಕ್ಷಣಗಳು ಸಾಕು, ಗುಣಮಟ್ಟ ಕೂದಲೆಳೆಯಷ್ಟೂ ಕುಗ್ಗದು. ಎವಿಡೀಮಕ್ಸ್ ತಂತ್ರಾಂಶದಲ್ಲಿ ಚಿತ್ರ ಮತ್ತು ಧ್ವನಿ ಎರಡಕ್ಕೂ ‘ಕಾಪಿ’ ಆರಿಸಿದರೆ ಆಗುವುದು ಇದೇ. ಮೂರು ಗಂಟೆಯ ವಿಡಿಯೊದಿಂದ ಧಾರೆಯ ಹದಿನೈದು ನಿಮಿಷ ಮಾತ್ರ ಕತ್ತರಿಸಿಕೊಳ್ಳಲು ಲಾಸ್‌ಲೆಸ್‌ಕಟ್ ಹಗುರವಾದ ಉಪಕರಣ. ಹೀಗೆ ಕತ್ತರಿಸುವಾಗ ತುಂಡು ಬೇಕಾದ ಕ್ಷಣಕ್ಕಿಂತ ಒಂದೆರಡು ಸೆಕೆಂಡ್ ಮೊದಲೇ ಶುರುವಾಗಬಹುದು. ಪೂರ್ಣ ಚಿತ್ರ ದಾಖಲಾಗಿರುವ ಫ್ರೇಮಿನಲ್ಲಷ್ಟೇ ಕತ್ತರಿ ಕೂರುವುದು ಇದಕ್ಕೆ ಕಾರಣ.

ವಾಟ್ಸ್‌ಆ್ಯಪ್ ಕೂಡ ಕಣ್ಣಿಗೆ ಬೀಳದ ಪರಿವರ್ತಕ ಎಂಬುದನ್ನು ನೆನಪಿಡಬೇಕು. ವಿಡಿಯೊ ಎಂದು ಕಳಿಸಿದರೆ ಅದು ಕುಗ್ಗಿಸಿಯೇ ಕಳಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಕಡತ ಇದ್ದಂತೆಯೇ ತಲಪುತ್ತದೆ. 2022ರಿಂದ 2 ಜಿಬಿವರೆಗಿನ ಕಡತವನ್ನು ಹೀಗೆ ಕಳಿಸಬಹುದಾಗಿದೆ.

ತಂತ್ರಾಂಶಗಳು

ಪರಿವರ್ತನೆ ಅನಿವಾರ್ಯ ಎಂದಾದ ಮೇಲೆ ಬರುವ ಮೊದಲ ಹೆಸರು ಹ್ಯಾಂಡ್‌ಬ್ರೇಕ್. ಎರಿಕ್ ಪೆಟಿ 2003ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಡಿವಿಡಿ ಫೋಲ್ಡರನ್ನು ನೇರ ಓದುತ್ತದೆ. ಸಾಧನಕ್ಕೆ ತಕ್ಕ ಸಿದ್ಧ ಸೆಟ್ಟಿಂಗುಗಳಿವೆ. ಮನೆಯ ಡಿವಿಡಿಗಳಿಗೆ ‘ಫಾಸ್ಟ್ 576ಪಿ25’ ಎಂಬುದು ಸರಿಹೊಂದುತ್ತದೆ. ಹತ್ತಾರು ಕಡತಗಳನ್ನು ಸರದಿಗೆ ಹಚ್ಚಿ ರಾತ್ರಿ ಬಿಟ್ಟು ಮಲಗಬಹುದು. ಇದರ ಮಿತಿ ಒಂದು: ಚಿತ್ರವನ್ನು ಇದು ಯಾವಾಗಲೂ ಹೊಸದಾಗಿ ಅಡಕಗೊಳಿಸುತ್ತದೆ. ಡಬ್ಬಿ ಮಾತ್ರ ಬದಲಿಸುವ ಕೆಲಸಕ್ಕೆ ಇದು ತಕ್ಕುದಲ್ಲ.

ಎರಡನೆಯದು ಎಫ್‌ಎಫ್‌ಎಂಪೆಗ್. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಶುರುಮಾಡಿದ ಈ ಯೋಜನೆ ಇಂದು ನೂರಾರು ಪರಿವರ್ತಕಗಳ ಒಳಗಿನ ಎಂಜಿನ್. ಇದಕ್ಕೆ ಗುಂಡಿಗಳಿಲ್ಲ, ಆಜ್ಞೆಗಳನ್ನು ಟೈಪ್ ಮಾಡಬೇಕು. ಮನೆಯಲ್ಲಿ ವರ್ಷಕ್ಕೊಂದು ಡಿವಿಡಿ ಪರಿವರ್ತಿಸುವವರಿಗೆ ಅಷ್ಟು ಶ್ರಮ ಬೇಕಿಲ್ಲ. ನೂರಾರು ಹಳೆಯ ಆಲ್ಬಮ್ಮುಗಳನ್ನು ಒಂದೇ ಅಳತೆಗೆ ತರಬೇಕಾದ ಸ್ಟುಡಿಯೊದವರಿಗೆ, ಜಾನಪದ ಧ್ವನಿಮುದ್ರಣಗಳ ಸಂಗ್ರಹ ನೋಡಿಕೊಳ್ಳುವವರಿಗೆ ಕಲಿತ ಶ್ರಮ ಬೇಗ ತೀರುತ್ತದೆ. ಅದೇ ಎಂಜಿನ್ನಿಗೆ ಗುಂಡಿಗಳ ಮುಖ ಕೊಟ್ಟದ್ದು ಶಟರ್ ಎನ್‌ಕೋಡರ್. ಇದೂ ಉಚಿತವಾಗಿ ಸಿಗುತ್ತದೆ.

ವಿಎಲ್‌ಸಿಯಲ್ಲೂ ಪರಿವರ್ತನೆಯ ಸೌಲಭ್ಯ ಇದೆ. ಒಂದೆರಡು ಸಣ್ಣ ತುಣುಕುಗಳಿಗೆ ಸಾಕು, ಹಿಡಿತ ಮಾತ್ರ ಕಡಿಮೆ. ಡಿವಿಡಿಯನ್ನು ಒಂದಿನಿತೂ ಕುಗ್ಗಿಸದೆ ಒಂದೇ ಕಡತವಾಗಿ ಕಾಪಿಡಲು ಮೇಕ್‌ಎಂಕೆವಿ ಬಳಸಬಹುದು. ಅದರಿಂದ ಬಂದ ಎಂಕೆವಿಯನ್ನು ಮೂಲಪ್ರತಿಯಾಗಿ ಹಾರ್ಡ್‌ಡಿಸ್ಕಿನಲ್ಲಿಟ್ಟು, ಫೋನಿಗೆ ಬೇಕಾದ ಸಣ್ಣ ಪ್ರತಿಯನ್ನು ಹ್ಯಾಂಡ್‌ಬ್ರೇಕಿನಲ್ಲಿ ಮಾಡಿಕೊಳ್ಳುವುದು ಅಚ್ಚುಕಟ್ಟಾದ ಕ್ರಮ.

ಹಣ ಕೊಟ್ಟು ಕೊಳ್ಳುವ ಪರಿವರ್ತಕಗಳೂ ಹಲವಿವೆ. ಅವು ಮಾಡುವ ಮುಖ್ಯ ಕೆಲಸವನ್ನು ಮೇಲಿನ ಉಚಿತ ತಂತ್ರಾಂಶಗಳು ಅಷ್ಟೇ ಚೆನ್ನಾಗಿ ಮಾಡುತ್ತವೆ. ಉಚಿತ ಎಂದು ಕರೆದುಕೊಳ್ಳುವ ಪ್ರಯೋಗ ಆವೃತ್ತಿಗಳಲ್ಲಿ ಚಿತ್ರದ ಮೇಲೆ ಕಂಪನಿಯ ಮುದ್ರೆ ಬೀಳುವುದೋ ಕೆಲವು ನಿಮಿಷದ ನಂತರ ನಿಲ್ಲುವುದೋ ಇರುತ್ತದೆ. ಪೂರ್ತಿ ಕೆಲಸಕ್ಕೆ ಹಚ್ಚುವ ಮೊದಲು ಒಂದು ತುಣುಕಿನಲ್ಲಿ ಪರೀಕ್ಷಿಸಬೇಕು. ಇಂಟರ್‌ನೆಟ್ಟಿಗೆ ಏರಿಸಿ ಪರಿವರ್ತಿಸಿಕೊಳ್ಳುವ ಸೇವೆಗಳು ಮೂರು ಗಂಟೆಯ ವಿಡಿಯೊಕ್ಕೆ ಹೇಳಿಸಿದವಲ್ಲ. ಅಷ್ಟು ಡೇಟಾ ಏರಿಸಬೇಕು, ಮನೆಯ ಸಮಾರಂಭದ ದೃಶ್ಯ ಅಪರಿಚಿತರ ಸರ್ವರಿಗೂ ಹೋಗುತ್ತದೆ.

ತಂತ್ರಾಂಶವನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ಹಾಗೆ ಮಾಡಿದರೂ ಎಚ್ಚರ ತಪ್ಪುವಂತಿಲ್ಲ. 2017ರ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕಿನ ಡೌನ್‌ಲೋಡ್ ಸರ್ವರುಗಳಲ್ಲೊಂದಕ್ಕೆ ಕನ್ನ ಹಾಕಿದವರು ಮ್ಯಾಕ್ ಆವೃತ್ತಿಯ ಜಾಗದಲ್ಲಿ ದುರುದ್ದೇಶದ ಕಡತ ಇಟ್ಟಿದ್ದರು. ಕೆಲವು ದಿನಗಳಲ್ಲಿ ಅದು ಪತ್ತೆಯಾಯಿತು. ಇಳಿಸಿಕೊಂಡ ಕಡತದ ಚೆಕ್‌ಸಮ್ ಸಂಖ್ಯೆ ತಾಣದಲ್ಲಿ ಪ್ರಕಟವಾದ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡಿದವರು ಆಗಲೂ ಪಾರಾಗಬಹುದಿತ್ತು.

ಸೆಟ್ಟಿಂಗುಗಳಲ್ಲಿ ಗಮನಿಸಬೇಕಾದ್ದು

ಕಡತದ ಗಾತ್ರದ ಲೆಕ್ಕ ಸುಲಭ. ಸೆಕೆಂಡಿಗೆ 1 ಮೆಗಾಬಿಟ್ ಎಂದರೆ ಗಂಟೆಗೆ 450 ಎಂಬಿ. ಚಿತ್ರಕ್ಕೆ 1 ಮೆಗಾಬಿಟ್, ಧ್ವನಿಗೆ 128 ಕಿಲೋಬಿಟ್ ಕೊಟ್ಟರೆ ಮೂರು ಗಂಟೆಯ ಮದುವೆ ಸುಮಾರು 1.5 ಜಿಬಿ ಆಗುತ್ತದೆ. ಆದರೆ ಗಾತ್ರವನ್ನು ಮೊದಲೇ ನಿಗದಿ ಮಾಡುವುದಕ್ಕಿಂತ ಗುಣಮಟ್ಟವನ್ನು ನಿಗದಿ ಮಾಡುವುದು ಮೇಲು. ಹ್ಯಾಂಡ್‌ಬ್ರೇಕಿನಲ್ಲಿ ಆರ್‌ಎಫ್ ಎಂಬ ಅಳತೆ ಇದೆ. ಸಂಖ್ಯೆ ಇಳಿದಷ್ಟೂ ಗುಣಮಟ್ಟ ಏರುತ್ತದೆ, ಕಡತವೂ ದೊಡ್ಡದಾಗುತ್ತದೆ. ಡಿವಿಡಿ ಮಟ್ಟದ ಚಿತ್ರಕ್ಕೆ 18ರಿಂದ 22, 1080 ಸಾಲಿನದಕ್ಕೆ 20ರಿಂದ 24 ರೂಢಿಯ ವ್ಯಾಪ್ತಿ. ಒಬ್ಬರೇ ನಿಂತು ಹಾಡುವ ದೃಶ್ಯಕ್ಕೆ ಕಡಿಮೆ ಬಿಟ್ ಸಾಕು, ತೇರಿನ ಸುತ್ತ ನೆರೆದ ಜನಸಾಗರಕ್ಕೆ ಹೆಚ್ಚು ಬೇಕು. ಈ ಹಂಚಿಕೆಯನ್ನು ತಂತ್ರಾಂಶ ತಾನೇ ಮಾಡುತ್ತದೆ.

ಹಳೆಯ ಕ್ಯಾಮೆರಾ ಮತ್ತು ಡಿವಿಡಿಗಳ ಚಿತ್ರ ಸಾಮಾನ್ಯವಾಗಿ ಇಂಟರ್‌ಲೇಸ್ ಬಗೆಯದು. ಒಂದು ಫ್ರೇಮಿನ ಬೆಸ ಸಾಲುಗಳು ಒಂದು ಕ್ಷಣದವು, ಸಮ ಸಾಲುಗಳು ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲಿನವು. ಹಳೆಯ ಟಿ.ವಿ.ಯಲ್ಲಿ ಇದು ತಿಳಿಯುತ್ತಿರಲಿಲ್ಲ. ಫೋನಿನಲ್ಲಿ ಕಂಸಾಳೆ ಬೀಸುವ ಕೈಯ ಅಂಚೆಲ್ಲ ಬಾಚಣಿಗೆಯ ಹಲ್ಲಾಗಿ ಕಾಣುತ್ತದೆ. ಡಿಇಂಟರ್‌ಲೇಸ್ ಆಯ್ಕೆಯನ್ನು ಪರಿವರ್ತನೆಯ ಹೊತ್ತಿನಲ್ಲೇ ಚಾಲೂ ಮಾಡಬೇಕು. ಅದರಲ್ಲೂ ‘ಬಾಬ್’ ಎಂಬ ಬಗೆ ಸೆಕೆಂಡಿಗೆ 50 ಫ್ರೇಮು ಕೊಟ್ಟು ಕುಣಿತದ ಚುರುಕನ್ನು ಉಳಿಸುತ್ತದೆ. ಈ ಹಂತ ಬಿಟ್ಟು ಅಳತೆ ಕುಗ್ಗಿಸಿದರೆ ಸಾಲುಗಳು ಒಂದರೊಳಗೊಂದು ಕಲೆತುಹೋಗುತ್ತವೆ, ಮತ್ತೆ ಸರಿಪಡಿಸಲಾಗದು. ಪರಿವರ್ತಕವನ್ನು ಅಳೆಯಲು ಒಳ್ಳೆಯ ಒರೆಗಲ್ಲು ಇದೇ: ಡಿಇಂಟರ್‌ಲೇಸ್ ಸೌಲಭ್ಯ ಇಲ್ಲದ್ದು ಮದುವೆಯ ಡಿವಿಡಿಗೆ ಬೇಡ.

ಅಗಲ-ಎತ್ತರದ ಅನುಪಾತ ಇನ್ನೊಂದು. ಡಿವಿಡಿಯ 720×576 ಚುಕ್ಕೆಗಳು ಚೌಕಾಕಾರದವಲ್ಲ. ನೋಡುವಾಗ ಅವು 4:3 ಅಥವಾ 16:9ಕ್ಕೆ ಹಿಗ್ಗಬೇಕು. ಈ ಮಾಹಿತಿ ಕಳೆದುಹೋದರೆ ಮುಖಗಳು ಊದಿದಂತೆಯೋ ಸೊರಗಿದಂತೆಯೋ ಕಾಣುತ್ತವೆ. ಹ್ಯಾಂಡ್‌ಬ್ರೇಕಿನಲ್ಲಿ ‘ಅನಾಮಾರ್ಫಿಕ್’ ಆಯ್ಕೆಯನ್ನು ‘ಆಟೊಮ್ಯಾಟಿಕ್’ ಎಂದೇ ಬಿಡುವುದು ಕ್ಷೇಮ.

ಫೋನಿನಲ್ಲೇ ತೆಗೆದ ವಿಡಿಯೊದಲ್ಲಿ ಫ್ರೇಮುಗಳ ವೇಗ ಬೆಳಕಿಗೆ ತಕ್ಕಂತೆ ಏರಿಳಿಯುತ್ತದೆ. ಪರಿವರ್ತಿಸಿದ ಮೇಲೆ ತುಟಿಗೂ ಮಾತಿಗೂ ತಾಳೆ ತಪ್ಪಿದರೆ ಸ್ಥಿರ ಫ್ರೇಮ್ ವೇಗ ಆರಿಸಿ ಮತ್ತೊಮ್ಮೆ ಮಾಡಬೇಕು.

ಕರೆಂಟಿನ ಲೆಕ್ಕ

ಹಳೆಯ ಕಂಪ್ಯೂಟರಿನಲ್ಲಿ ದೊಡ್ಡ ವಿಡಿಯೊದ ಪರಿವರ್ತನೆ ಗಂಟೆಗಟ್ಟಲೆ ನಡೆಯುತ್ತದೆ. ನಡುವೆ ಕರೆಂಟು ಹೋದರೆ ಎಂಪಿ4 ಸಾಮಾನ್ಯವಾಗಿ ಕೈಗೆ ಹತ್ತುವುದಿಲ್ಲ. ಯಾವ ಫ್ರೇಮು ಎಲ್ಲಿದೆ ಎಂಬ ಸೂಚಿ ಕೆಲಸ ಮುಗಿದ ಮೇಲೆ ಬರೆಯಲ್ಪಡುವುದರಿಂದ ಅರ್ಧಕ್ಕೆ ನಿಂತ ಎಂಪಿ4 ತೆರೆಯುವುದೇ ಇಲ್ಲ. ಎಂಕೆವಿ ಹಾಗಲ್ಲ; ನಿಂತಲ್ಲಿಯವರೆಗಿನ ಭಾಗ ನೋಡಲು ಸಿಗುತ್ತದೆ. ಯುಪಿಎಸ್ ಇಲ್ಲದ ಮನೆಯಲ್ಲಿ ಮೊದಲು ಎಂಕೆವಿಯಾಗಿ ಮಾಡಿ, ಆಮೇಲೆ ಡಬ್ಬಿ ಮಾತ್ರ ಎಂಪಿ4ಕ್ಕೆ ಬದಲಿಸಿದರೆ ಶ್ರಮ ಪೂರ್ತಿ ನೀರುಪಾಲಾಗುವುದಿಲ್ಲ. ಮದುವೆಯನ್ನು ಶಾಸ್ತ್ರ, ಧಾರೆ, ಆರತಕ್ಷತೆ ಎಂದು ಭಾಗ ಮಾಡಿಕೊಂಡು ಸರದಿಗೆ ಹಚ್ಚುವುದೂ ಒಂದು ಉಪಾಯ.

ಇಂಟೆಲ್ ಚಿಪ್ಪುಗಳ ಕ್ವಿಕ್ ಸಿಂಕ್, ಎನ್‌ವಿಡಿಯಾ ಕಾರ್ಡುಗಳ ಎನ್‌ವೆಂಕ್ ಮುಂತಾದ ಯಂತ್ರಾಂಶ ಸೌಲಭ್ಯ ಬಳಸಿದರೆ ವೇಗ ಹಲವು ಪಟ್ಟು ಹೆಚ್ಚುತ್ತದೆ. ಅದೇ ಗುಣಮಟ್ಟಕ್ಕೆ ಕಡತ ಸ್ವಲ್ಪ ದೊಡ್ಡದಾಗುತ್ತದೆ ಅಷ್ಟೆ. ಕರೆಂಟು ನೆಚ್ಚಲಾಗದ ಕಡೆ ಈ ವಿನಿಮಯ ಲಾಭದ್ದೇ.

ಕನ್ನಡದ ಅಡಿಬರಹ

ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯಕ್ಕೋ ಸೋಲಿಗರ ಹಾಡಿಗೋ ಸಬ್‌ಟೈಟಲ್ ಸೇರಿಸುವುದಾದರೆ ಬರಹ ಯೂನಿಕೋಡಿನಲ್ಲಿ ಇರಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಪ್ಲೇಯರಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತದೆ. ಎಸ್‌ಆರ್‌ಟಿ ಕಡತವನ್ನು ಯುಟಿಎಫ್-8 ಎಂದು ಉಳಿಸಿದರೆ ಆ ತೊಂದರೆ ಇಲ್ಲ. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸದ ಟಿ.ವಿ.ಗಳಿಗೆ ಕೊಡುವ ಪ್ರತಿಯಲ್ಲಿ ಅಡಿಬರಹವನ್ನು ಚಿತ್ರದ ಮೇಲೆಯೇ ಅಚ್ಚೊತ್ತಿಸಬೇಕು. ಅಚ್ಚೊತ್ತಿದ್ದನ್ನು ಮತ್ತೆ ತೆಗೆಯಲಾಗದು. ಅಡಿಬರಹವಿಲ್ಲದ ಪ್ರತಿಯೊಂದು ಬೇರೆಯಾಗಿ ಇರಲಿ.

ಯಾರ ವಿಡಿಯೊ

ಸ್ವಂತ ಮನೆಯ ಡಿವಿಡಿಯನ್ನು ಪರಿವರ್ತಿಸಿಕೊಳ್ಳಲು ತಡೆಯಿಲ್ಲ. ಸಿನಿಮಾ ಮತ್ತು ಜನಪದ ಗಾಯನದ ಮಾರಾಟದ ಡಿಸ್ಕುಗಳಿಗೆ 1957ರ ಕೃತಿಸ್ವಾಮ್ಯ ಕಾಯ್ದೆ ಅನ್ವಯಿಸುತ್ತದೆ. ಅವನ್ನು ಪರಿವರ್ತಿಸಿ ಹಣಕ್ಕೆ ಮೆಮೊರಿ ಕಾರ್ಡಿಗೆ ತುಂಬಿಕೊಡುವುದು ಅಪರಾಧ. 2012ರ ತಿದ್ದುಪಡಿ ಸೇರಿಸಿದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿಯುವುದನ್ನೂ ಶಿಕ್ಷಾರ್ಹ ಮಾಡಿದೆ. ಹ್ಯಾಂಡ್‌ಬ್ರೇಕ್ ತಾನಾಗಿ ಅಂಥ ಬೀಗ ತೆಗೆಯುವುದಿಲ್ಲ.

ಮುಗಿಸುವ ಮೊದಲು

ಪೂರ್ತಿ ಪರಿವರ್ತನೆಗೆ ಮುನ್ನ ಚಲನೆ ಹೆಚ್ಚಿರುವ ಒಂದು ನಿಮಿಷದ ಭಾಗವನ್ನು ಆರಿಸಿ, ಪರಿವರ್ತಿಸಿ, ಉದ್ದೇಶಿತ ಫೋನಿನಲ್ಲೇ ಓಡಿಸಿ ನೋಡಬೇಕು. ಧ್ವನಿ, ಮುಖದ ಅಗಲ, ಚಲನೆಯ ಅಂಚು, ತುಟಿ-ಮಾತಿನ ತಾಳೆ ಈ ನಾಲ್ಕೂ ಸರಿಯಿದ್ದರೆ ಉಳಿದದ್ದನ್ನು ಸರದಿಗೆ ಹಚ್ಚಬಹುದು. ಮುಗಿದ ಮೇಲೆ ಕಡತದ ಆರಂಭ, ನಡು, ಕೊನೆ ಮೂರನ್ನೂ ನೋಡಬೇಕು.

ಫೋನಿಗೆ ಮಾಡಿದ ಪ್ರತಿ ಆ ಫೋನ್ ಇರುವಷ್ಟು ಕಾಲದ್ದು. ಮುಂದಿನ ಸಾಧನಕ್ಕೆ ಮತ್ತೊಂದು ಪ್ರತಿ ಬೇಕಾದಾಗ ಅದನ್ನು ಮೂಲದಿಂದಲೇ ಮಾಡಬೇಕು, ಪರಿವರ್ತಿತ ಪ್ರತಿಯಿಂದ ಅಲ್ಲ. ಮನೆಯಲ್ಲಿ ಬರೆದ ಡಿಸ್ಕುಗಳ ಬಣ್ಣದ ಪದರ ಬಿಸಿಲು, ತೇವಗಳಿಗೆ ವರ್ಷ ಕಳೆದಂತೆ ಕೆಡುತ್ತದೆ. ಹಾಗಾಗಿ ಡಿಸ್ಕಿನಲ್ಲಿರುವುದನ್ನು ಇದ್ದಂತೆಯೇ ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕುಗಳಿಗೆ ನಕಲಿಸಿ, ಒಂದನ್ನು ಬೇರೊಂದು ಮನೆಯಲ್ಲಿ ಇಡುವುದು ಪರಿವರ್ತನೆಗಿಂತ ಮೊದಲು ಆಗಬೇಕಾದ ಕೆಲಸ.